ಒದ್ದೆ ಬಟ್ಟೆ ಆರುವ ತನಕ



ಗದುಗಿನ ವೀರನಾರಾಯಣ ದೇವಸ್ಥಾನಕ್ಕೆ ಹೋದವರಿಗೆ ಅಲ್ಲಿನ ಒಂದು ಕಂಬವನ್ನು ತಪ್ಪದೆ ತೋರಿಸುತ್ತಾರೆ. ಅದು ಕುಮಾರವ್ಯಾಸನ ಕಂಬ. ಕುಮಾರವ್ಯಾಸ, ಅಂದರೆ ಕೋಳಿವಾಡದ ನಾರಣಪ್ಪ, ದಿನವೂ ಮಿಂದು, ಒದ್ದೆ ಬಟ್ಟೆಯಲ್ಲೇ ಬಂದು, ಈ ಕಂಬಕ್ಕೆ ಒರಗಿ ಕೂತು ಭಾರತ ಬರೆಯುತ್ತಿದ್ದನಂತೆ. ಬಟ್ಟೆ ಆರಿತೋ, ಅಂದಿನ ಕಾವ್ಯ ಮುಗಿಯಿತು. ಮುಂದಿನ ಪದ್ಯ ಮರುದಿನದ ಸ್ನಾನದ ಮೇಲೆಯೇ.

ಇದು ಜನ ಹೇಳಿಕೊಂಡು ಬಂದ ಕಥೆ, ದಾಖಲೆಯಲ್ಲ. ಆದರೂ ಇದನ್ನು ಪಕ್ಕಕ್ಕೆ ಸರಿಸಲು ನನಗೆ ಮನಸ್ಸಿಲ್ಲ. ದೊಡ್ಡ ಕೆಲಸಕ್ಕೆ ಕೈಹಾಕುವವನ ಎದೆಯಲ್ಲಿ ಏನು ನಡೆಯುತ್ತದೆ ಎಂಬುದು ಇದರಲ್ಲಿ ಅಡಗಿ ಕೂತಿದೆ.

ನಾರಣಪ್ಪನ ಮುಂದೆ ಇದ್ದ ಕೆಲಸ ಎಂಥದ್ದು, ನೋಡಿ. ವ್ಯಾಸಭಾರತವೆಂದರೆ 18 ಪರ್ವ, ಸುಮಾರು ಒಂದು ಲಕ್ಷ ಶ್ಲೋಕ. ಅದನ್ನು ಕನ್ನಡಕ್ಕೆ ತರುವ ದಾರಿಯಲ್ಲಿ ಪಂಪ ಆಗಲೇ ನಿಂತಿದ್ದಾನೆ. 941ರ 'ವಿಕ್ರಮಾರ್ಜುನ ವಿಜಯ' ಬಂದು ಐದು ಶತಮಾನದ ಹತ್ತಿರ ಆಗಿದೆ. ಗದಾಯುದ್ಧವನ್ನು ರನ್ನ ಗುಡುಗಿಸಿಬಿಟ್ಟಿದ್ದಾನೆ. ಪಂಪನ ಬೆನ್ನಿಗೆ ಅರಿಕೇಸರಿ ಇದ್ದ, ರನ್ನನ ಬೆನ್ನಿಗೆ ಸತ್ಯಾಶ್ರಯ. ನಾರಣಪ್ಪ ತನ್ನ ಕಾವ್ಯದಲ್ಲಿ ಯಾವ ದೊರೆಗೂ ಕೈಮುಗಿದವನಲ್ಲ. ಅವನ ದೊರೆ ಗದುಗಿನ ಗುಡಿಯಲ್ಲಿದ್ದ.

ಹಿಡಿದ ಛಂದಸ್ಸೂ ಸಲೀಸಾದದ್ದಲ್ಲ. ಭಾಮಿನಿ ಷಟ್ಪದಿಯ ಆರು ಸಾಲಿಗೆ 102 ಮಾತ್ರೆ, ಮೂರು ನಾಲ್ಕರ ಲಯದಲ್ಲಿ. ಜೊತೆಗೆ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಕೂಡಬೇಕು. ಅಂಥ ಪದ್ಯಗಳನ್ನು ಅವನು ಎಂಟು ಸಾವಿರಕ್ಕೂ ಮೇಲೆ ಬರೆದ. ದಿನಕ್ಕೆ ನಾಲ್ಕು ಎಂದಿಟ್ಟುಕೊಂಡರೂ ಐದೂವರೆ ವರ್ಷ! ಈಗ ಗಾಳಿಯಂತ್ರಗಳು ತಿರುಗುವ, ಗದುಗಿನ ಹತ್ತಿರದ ಕಪ್ಪತಗುಡ್ಡದ ಸೀಮೆಯ ಗಾಳಿಗೆ ಒದ್ದೆ ಪಂಚೆ ಎಷ್ಟು ಹೊತ್ತು ತಡೆದೀತು, ನೀವೇ ಯೋಚಿಸಿ.

ಬರೆಯುವುದಾದರೂ ಓಲೆಗರಿಯ ಮೇಲೆ. ಕಂಠ ಎಂಬ ಕಬ್ಬಿಣದ ಲೇಖನಿಯಿಂದ ಗರಿಯನ್ನು ಗೀರಿ, ಮೇಲೆ ಮಸಿ ಸವರಿದರೆ ಅಕ್ಷರ ಕಪ್ಪಗೆ ಏಳುತ್ತದೆ. ಒಮ್ಮೆ ಗೀರಿದ್ದನ್ನು ಅಳಿಸುವ ಉಪಾಯವಿಲ್ಲ. ಅದಕ್ಕೇ ಮೊದಲು ಹಲಗೆಯ ಮೇಲೆ ಬಳಪದಿಂದ ಬರೆದು, ತಿದ್ದಿ, ಸರಿ ಎನಿಸಿದ ಮೇಲೆ ಗರಿಗೆ ಇಳಿಸುವುದು ಆಗಿನ ವಾಡಿಕೆ. ಈ ಪುಣ್ಯಾತ್ಮ ಕಾವ್ಯದ ಪೀಠಿಕೆಯಲ್ಲೇ ಹೇಳಿಕೊಳ್ಳುತ್ತಾನೆ: ನಾನು ಹಲಗೆ ಬಳಪ ಹಿಡಿಯುವವನಲ್ಲ, ಇಟ್ಟ ಪದವನ್ನು ಅಳಿಸುವವನಲ್ಲ, ಇನ್ನೊಬ್ಬರ ದಾರಿಯನ್ನು ಎರವಲು ತರುವವನಲ್ಲ, ಗರಿಯ ಮೇಲೆ ನನ್ನ ಕಂಠದ ಸದ್ದು ನಿಲ್ಲುವುದಿಲ್ಲ ಎಂದು. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕುತ್ತಿದ್ದಾನೆ, ಅಲ್ಲಿ ಕಾಲಿಡಲೂ ಜಾಗವಿಲ್ಲ ಎಂಬ ಚೇಷ್ಟೆ ಬೇರೆ.

ಎಂಥ ಗರ್ವ ಎನಿಸುತ್ತದಲ್ಲವೇ? ಆದರೆ ಅದೇ ಪೀಠಿಕೆಯಲ್ಲಿ ಇನ್ನೊಂದು ಮಾತಿದೆ. ಕವಿ ನಾನಲ್ಲ, ವೀರನಾರಾಯಣ. ನಾನು ಬರಿಯ ಲಿಪಿಕಾರ ಎನ್ನುತ್ತಾನೆ. ಈ ಎರಡನ್ನೂ ಒಟ್ಟಿಗೆ ಓದಿದರೆ ಗರ್ವದ ಗುಟ್ಟು ತಿಳಿಯುತ್ತದೆ. ತಾನೇ ಕವಿ ಎಂದುಕೊಂಡಿದ್ದರೆ ಪಂಪನ ಭಯ, ಪಂಡಿತರ ಭಯ, ಅಳಿಸಲಾಗದ ಗರಿಯ ಭಯ ಎಲ್ಲವೂ ಬಂದು ಕೈ ಹಿಡಿಯುತ್ತಿದ್ದವು. ಲಿಪಿಕಾರನಿಗೆ ಆ ಗೊಡವೆ ಇಲ್ಲ. ಕೆಲಸ ಕಿರಿದಾಗಲಿಲ್ಲ, ಲಕ್ಷ ಶ್ಲೋಕ ಲಕ್ಷವಾಗಿಯೇ ಇತ್ತು. ಹೆಗಲ ಮೇಲಿನ 'ನಾನು' ಮಾತ್ರ ಇಳಿಯಿತು. ಭಕ್ತಿ ಧೈರ್ಯ ಕೊಡುತ್ತದೆ ಎನ್ನುತ್ತೇವೆ. ನನಗೆ ಕಂಡಂತೆ, ಅದು ಕೊಡುವುದಕ್ಕಿಂತ ಇಳಿಸಿಕೊಳ್ಳುವುದೇ ಹೆಚ್ಚು.

ಒದ್ದೆ ಬಟ್ಟೆಯ ಜಾಣತನವೂ ಇಲ್ಲೇ ಇದೆ. 18 ಪರ್ವಗಳನ್ನು ಒಮ್ಮೆಗೇ ನೋಡಿದವನು ಗರಿಯ ಕಟ್ಟನ್ನೇ ಮುಟ್ಟುವುದಿಲ್ಲ. ಬಟ್ಟೆ ಆರುವ ತನಕ ಎಂದರೆ, ಯಾರಾದರೂ ಕೂತಾರು.

ಹಾಗಂತ ದೇವರು ಎಲ್ಲವನ್ನೂ ಮುಗಿಸಿಕೊಟ್ಟ ಎಂದೇನೂ ಅಲ್ಲ. ಕಾವ್ಯ ಹತ್ತು ಪರ್ವಕ್ಕೆ, ಧರ್ಮರಾಯನ ಪಟ್ಟಾಭಿಷೇಕಕ್ಕೆ ನಿಲ್ಲುತ್ತದೆ. ಇದಕ್ಕೂ ಜನ ಕಥೆ ಕಟ್ಟಿದ್ದಾರೆ. ಗುಡಿಯ ಊಟದ ಪಂಕ್ತಿಗೆ ಬ್ರಾಹ್ಮಣನ ವೇಷದಲ್ಲಿ ಬರುತ್ತಿದ್ದ ಅಶ್ವತ್ಥಾಮನೇ ಯುದ್ಧದ ಸಂಗತಿಯನ್ನು ನಾರಣಪ್ಪನಿಗೆ ಹೇಳಿದ. ಯಾರಿಗೂ ತಿಳಿಸಬಾರದೆಂಬ ಕರಾರಿತ್ತು. ನಾರಣಪ್ಪ ಹೆಂಡತಿಯ ಮುಂದೆ ಬಾಯಿಬಿಟ್ಟ, ಕಥೆ ಅಲ್ಲಿಗೇ ನಿಂತಿತು. ವಿದ್ವಾಂಸರು ಬೇರೆ ಕಾರಣ ಕೊಡುತ್ತಾರೆ: ಅವನು ಹೇಳಹೊರಟದ್ದೇ ಕೃಷ್ಣನ ಕಥೆ, ಅದು ಅಲ್ಲಿಗೆ ಮುಗಿಯಿತು. ನನ್ನ ಓಟು ವಿದ್ವಾಂಸರಿಗೆ, ಪ್ರೀತಿ ಮಾತ್ರ ಅಶ್ವತ್ಥಾಮನ ಕಥೆಗೆ. ಉಳಿದ ಎಂಟು ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಬರೆದ.

ಆ ಗರಿಗಳ ಕಥೆ ಗುಡಿಯಲ್ಲೇ ಉಳಿಯಲಿಲ್ಲ. ಓದು ಬಾರದ ರೈತನೂ ಗಮಕಿಯ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಕಲಿತ. ಮುಂಗಾರು ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವ ಓದಿಸುವ ರೂಢಿಯಿದೆ. ಧರ್ಮರಾಯ ಇದ್ದ ನಾಡಿನಲ್ಲಿ ಕಾಲಕಾಲಕ್ಕೆ ಮಳೆ ಬೆಳೆ ಆಗುತ್ತದೆ ಎಂದು ಭೀಷ್ಮ ಆ ಪರ್ವದಲ್ಲಿ ಹೇಳುತ್ತಾನೆ. ಕೆರೆ ಬಿರುಕು ಬಿಟ್ಟಿದೆ, ಬಿತ್ತನೆಯ ಬೀಜ ಮೂಲೆಯಲ್ಲಿದೆ, ಮೋಡದ ಸುಳಿವಿಲ್ಲ. ಗುಡಿಯ ಜಗಲಿಯಲ್ಲಿ ದೀಪ ಹಚ್ಚಿಟ್ಟು, ಪುಸ್ತಕಕ್ಕೆ ಕೈಮುಗಿದು, ಗಮಕಿ ದನಿ ಎತ್ತುತ್ತಾನೆ. ಕೇಳುವವರು ಕಂಬಳಿ ಹಾಸಿ ಕೂರುತ್ತಾರೆ. ಬೆಳಗ್ಗೆ ಎದ್ದು, ಮಳೆ ಬರಲಿ ಬಿಡಲಿ, ಹೊಲಕ್ಕೆ ಗೊಬ್ಬರ ಹೊಡೆಯಲು ಹೊರಡುತ್ತಾರೆ.