ಲೈನಿನ ಹಿಂದೆ ನಡೆದ ಕೋಲು: ಟ್ರೌಟ್ ಫ್ಲೈ ರಾಡಿನ ಕಥೆ

ಕೆರೆಯ ಏರಿಯ ಮೇಲೆ ಕೂತು ಗಾಳ ಹಾಕುವವರನ್ನು ನೀವೆಲ್ಲ ನೋಡಿದ್ದೀರಿ. ಕೊಕ್ಕೆಗೆ ಎರೆಹುಳು, ಅದರ ಮೇಲೆ ಸೀಸದ ಗುಂಡು, ಇನ್ನೂ ಮೇಲೆ ಬೆಂಡು. ಬೀಸಿ ಒಗೆದರೆ ಗುಂಡು ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಓಡುತ್ತದೆ. ಟ್ರೌಟ್ ಮೀನು ಹಿಡಿಯುವ ಫ್ಲೈ ಗಾಳದಲ್ಲಿ ಈ ಲೆಕ್ಕ ಪೂರ್ತಿ ತಿರುವುಮುರುವು. ಅಲ್ಲಿ ಕೊಕ್ಕೆಗೆ ಸುತ್ತಿರುವುದು ಒಂದೆಳೆ ಉಣ್ಣೆ, ಒಂದು ಚೂರು ಹುಂಜದ ಗರಿ. ದೂರದಿಂದ ನೋಡಿದರೆ ನೀರ ಮೇಲೆ ಕೂತ ಹುಳದ ಹಾಗೆ ಕಾಣುವ ಇದನ್ನೇ ಫ್ಲೈ ಅನ್ನುತ್ತಾರೆ. ಅದಕ್ಕೆ ಹೇಳಿಕೊಳ್ಳುವಷ್ಟು ತೂಕವೇ ಇಲ್ಲ. ಕೈಯಿಂದ ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಅದನ್ನು ಮೂವತ್ತು ಅಡಿ ಆಚೆಗೆ, ಮೀನು ಬೆದರದ ಹಾಗೆ ಇಳಿಸಬೇಕು. ಹೇಗೆ? ದಾರಕ್ಕೇ, ಅಂದರೆ ಲೈನಿಗೇ ತೂಕ ಕೊಟ್ಟು ಲೈನನ್ನೇ ಎಸೆಯಬೇಕು. ಫ್ಲೈ ಅದರ ಬಾಲ ಹಿಡಿದು ಹೋಗುತ್ತದೆ.

ಫ್ಲೈ ರಾಡಿನ ಇತಿಹಾಸದುದ್ದಕ್ಕೂ ಈ ಒಂದು ಸಂಗತಿಯೇ ಕೆಲಸ ಮಾಡಿದೆ ಎಂಬುದು ನನ್ನ ದೃಢವಾದ ನಂಬಿಕೆ. ಲೈನು ಬದಲಾದಾಗಲೆಲ್ಲ ಕೋಲು ಬದಲಾಗಿದೆ. ಇವತ್ತು ಎಲ್ಲ ಬಗೆಯ ಟ್ರೌಟ್ ನೀರಿಗೂ ಹೊಂದುವ ಒಂದೇ ಕೋಲನ್ನು ಆರಿಸಲು ಹೊರಟವರಿಗೆ ಈ ಕಥೆಗಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ.

ಕ್ರಿ.ಶ. 200ರ ಆಸುಪಾಸಿಗೆ ಹೋಗೋಣ. ರೋಮಿನ ಲೇಖಕ ಈಲಿಯನ್ ಪ್ರಾಣಿಗಳ ಬಗ್ಗೆ ಬರೆದ ಗ್ರೀಕ್ ಗ್ರಂಥದಲ್ಲಿ ಮ್ಯಾಸಿಡೋನಿಯದ ಆಸ್ಟ್ರೇಯಸ್ ನದಿಯ ಮೀನುಗಾರರ ಪ್ರಸ್ತಾಪ ಬರುತ್ತದೆ. ಅಲ್ಲಿನ ಚುಕ್ಕೆ ಮೈಯ ಮೀನುಗಳು ನೀರ ಮೇಲೆ ಹಾರಾಡುವ ಒಂದು ಕೀಟವನ್ನು ಹಿಡಿದು ತಿನ್ನುತ್ತಿದ್ದವು. ಆ ಕೀಟವನ್ನೇ ಕೊಕ್ಕೆಗೆ ಸಿಕ್ಕಿಸೋಣವೆಂದರೆ ಮನುಷ್ಯನ ಕೈ ತಾಗಿದ ಕೂಡಲೇ ಅದರ ಬಣ್ಣ ಕೆಟ್ಟು ರೆಕ್ಕೆ ಬಾಡಿಹೋಗುತ್ತಿತ್ತಂತೆ. ಅದಕ್ಕೇ ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಜೋಲಿನ ಕೆಳಗೆ ಬೆಳೆಯುವ ಎರಡು ಗರಿಗಳನ್ನು ಕಟ್ಟುತ್ತಿದ್ದರು. ಕೋಲು ಆರು ಅಡಿ, ದಾರವೂ ಆರೇ ಅಡಿ. ಎಸೆಯುವ ಮಾತೇ ಇಲ್ಲ. ಕೈ ಚಾಚಿ ಫ್ಲೈಯನ್ನು ನೀರಿಗೆ ಮುಟ್ಟಿಸಿದರೆ ಆಯಿತು.

ಇನ್ನು ಇಂಗ್ಲೆಂಡು. 1496ರಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಗಾಳದ ಮೇಲಿನ ಒಂದು ಪ್ರಬಂಧವನ್ನು ಅಚ್ಚು ಹಾಕಿದ. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಮಹಿಳೆ ಅದನ್ನು ಬರೆದರೆಂಬ ಪ್ರತೀತಿ ಇದೆ. ಕೋಲು ಮಾಡುವ ಕ್ರಮ ಅದರಲ್ಲಿ ವಿವರವಾಗಿದೆ. ಚಳಿಗಾಲದಲ್ಲಿ ಹೇಜಲ್ ಅಥವಾ ವಿಲೋ ಮರದ ನೇರವಾದ ಕೊಂಬೆ ಕಡಿಯಬೇಕು, ಬಿಸಿಗೆ ಹಿಡಿದು ನೆಟ್ಟಗೆ ಮಾಡಬೇಕು, ಒಣಗಿಸಬೇಕು, ಕಾದ ಕಬ್ಬಿಣದಿಂದ ಒಳಗಿನ ತಿರುಳನ್ನು ಸುಟ್ಟು ಟೊಳ್ಳು ಮಾಡಬೇಕು. ಮೇಲಿನ ತೆಳ್ಳನೆಯ ತುಂಡನ್ನು ಆ ಟೊಳ್ಳಿನೊಳಗೆ ಅಡಗಿಸಿಟ್ಟರೆ ಊರುಗೋಲು ಹಿಡಿದು ನಡೆದ ಹಾಗೆ ಹೋಗಬಹುದು, ಮೀನಿಗೆ ಹೊರಟಿದ್ದು ಯಾರಿಗೂ ತಿಳಿಯದು. ದಾರ ಮಾತ್ರ ಕುದುರೆಯ ಬಾಲದ ಕೂದಲಿನದು. ಕೋಲಿನ ಕಡೆಗೆ ಹೆಚ್ಚು ಎಳೆ, ಕೊಕ್ಕೆಯ ಕಡೆಗೆ ಕಡಿಮೆ ಎಳೆ ಸೇರಿಸಿ ಹೊಸೆಯುತ್ತಿದ್ದರು.

ಕುದುರೆ ಕೂದಲು ಹಗುರ. ಗಾಳಿಗೆ ಎದುರಾಗಿ ಅದನ್ನು ಎಸೆಯಲಾಗದು. ಹೀಗಾಗಿ ಮೀನನ್ನು ಮುಟ್ಟಲು ಉಳಿದ ದಾರಿ ಒಂದೇ, ಕೋಲನ್ನು ಉದ್ದ ಮಾಡುವುದು. ಐಸಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕ ‘ದಿ ಕಂಪ್ಲೀಟ್ ಆಂಗ್ಲರ್’ ಹೊರಬಂದದ್ದು 1653ರಲ್ಲಿ. 1676ರಲ್ಲಿ ಅದಕ್ಕೆ ಎರಡನೆಯ ಭಾಗ ಸೇರಿಸಿದ ಚಾರ್ಲ್ಸ್ ಕಾಟನ್ ಡವ್ ನದಿಯ ದಂಡೆಯವನು, ಫ್ಲೈ ಗಾಳದಲ್ಲಿ ಪಳಗಿದವನು. ಅವನ ಲೆಕ್ಕದ ಕೋಲು ಐದಾರು ಗಜ, ಅಂದರೆ ಹದಿನೈದರಿಂದ ಹದಿನೆಂಟು ಅಡಿ! ದಿನವಿಡೀ ಅದನ್ನು ಎತ್ತಿ ಹಿಡಿಯಲು ಎಂಥ ತೋಳು ಬೇಕಿತ್ತು ಊಹಿಸಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಗಸೆ ಎಣ್ಣೆ ಕುಡಿಸಿದ ರೇಷ್ಮೆ ಲೈನು ಬಂದಾಗ ಈ ಕಷ್ಟ ತಪ್ಪಿತು. ನೇಯ್ದ ರೇಷ್ಮೆ ಕೂದಲಿಗಿಂತ ಭಾರ, ನುಣುಪು. ಅದು ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. ದೂರ ಮುಟ್ಟುವ ಕೆಲಸವನ್ನು ಲೈನೇ ವಹಿಸಿಕೊಂಡ ಮೇಲೆ ಕೋಲು ಗಿಡ್ಡವಾಗಬಹುದಿತ್ತು. ಆದರೆ ಗಿಡ್ಡ ಕೋಲು ಬಾಗಿ ಚಿಮ್ಮಬೇಕು, ಬಾಗಿದಷ್ಟೇ ಬೇಗ ನೆಟ್ಟಗಾಗಬೇಕು. ಆ ಗುಣ ಹುಡುಕಿಕೊಂಡು ಅಮೆರಿಕದ ಹಿಕರಿ, ವೆಸ್ಟ್ ಇಂಡೀಸಿನ ಲ್ಯಾನ್ಸ್‌ವುಡ್, ಗಯಾನಾದ ಗ್ರೀನ್‌ಹಾರ್ಟ್ ಎಲ್ಲವನ್ನೂ ಜನ ಪ್ರಯೋಗಿಸಿದರು. ಕೊನೆಗೆ ಉತ್ತರ ಕೊಟ್ಟಿದ್ದು ಬಿದಿರು, ಅದೂ ನಮ್ಮ ಕಲ್ಕತ್ತಾ ಬಂದರಿನಿಂದ ಹಡಗೇರಿದ ಬಿದಿರು.

ಅಮೆರಿಕದ ಪೆನ್ಸಿಲ್ವೇನಿಯದ ಈಸ್ಟನ್ ಊರಿನಲ್ಲಿ ಸ್ಯಾಮ್ಯುಯೆಲ್ ಫಿಲಿಪ್ ಎಂಬ ಕೋವಿ ಕಮ್ಮಾರನಿದ್ದ. ಪಿಟೀಲನ್ನೂ ಮಾಡುತ್ತಿದ್ದ. 1840ರ ದಶಕದಲ್ಲಿ ಅವನು ಬಿದಿರನ್ನು ಸೀಳಿ, ಸೀಳುಗಳನ್ನು ಜೋಡಿಸಿ ಅಂಟಿಸಿ ಕೋಲು ಮಾಡಿದ. ಮೇನ್ ರಾಜ್ಯದ ಹೈರಮ್ ಲಿಯೊನಾರ್ಡ್ 1870ರ ದಶಕದಲ್ಲಿ ಆರು ಸೀಳುಗಳ ಕೋಲನ್ನು ಪ್ರಸಿದ್ಧಗೊಳಿಸಿದ, ಸೀಳು ಕೊಯ್ಯಲು ಯಂತ್ರವನ್ನೂ ರೂಪಿಸಿದ.

ಆ ಕೆಲಸವನ್ನು ತುಸು ಹತ್ತಿರದಿಂದ ನೋಡಿ. ಬಿದಿರಿನ ಬಲವೆಲ್ಲ ಇರುವುದು ಹೊರ ಸಿಪ್ಪೆಯಡಿಯ ಗಟ್ಟಿ ನಾರಿನಲ್ಲಿ, ಒಳಭಾಗ ಬರೀ ಮೆತ್ತೆ. ಬುಟ್ಟಿ ಹೆಣೆಯುವ ನಮ್ಮ ಮೇದರಿಗೆ ಇದು ತಲೆತಲಾಂತರದಿಂದ ಗೊತ್ತು. ಕೋಲು ಮಾಡುವವನು ಬಿದಿರನ್ನು ಉದ್ದಕ್ಕೆ ದಬ್ಬೆಗಳಾಗಿ ಸೀಳುತ್ತಾನೆ, ಗೆಣ್ಣುಗಳನ್ನು ಬಿಸಿ ಮಾಡಿ ಒತ್ತಿ ಸಮ ಮಾಡುತ್ತಾನೆ. ಪ್ರತಿ ದಬ್ಬೆಯನ್ನೂ ಮೂರು ಅಂಚಿನದಾಗಿ, ಪ್ರತಿ ಕೋನ ಅರವತ್ತು ಡಿಗ್ರಿ ಬರುವಂತೆ, ಬುಡದಿಂದ ತುದಿಗೆ ಸಣ್ಣದಾಗುತ್ತ ಹೋಗುವಂತೆ ಹೆರೆಯುತ್ತಾನೆ. ಹೆರೆಯುವಾಗ ಹೊರಮೈಗೆ ಉಳಿ ತಾಗುವಂತಿಲ್ಲ. ಆರು ದಬ್ಬೆಗಳನ್ನು ಕೂಡಿಸಿ ಅಂಟಿಸಿದಾಗ ಸಿಪ್ಪೆಯ ನಾರೆಲ್ಲ ಹೊರಗಡೆ ಉಳಿದು, ಆರು ಮುಖದ ಗಟ್ಟಿ ಕೋಲು ಆಗುತ್ತದೆ. ಮೇಲೆ ಅಲ್ಲಲ್ಲಿ ರೇಷ್ಮೆ ದಾರ ಸುತ್ತುತ್ತಾರೆ. ಹಿಂದಿನ ಕಾಲದ ಅಂಟು ತೇವಕ್ಕೆ ಬಿಡುತ್ತಿದ್ದರಿಂದ ಈ ಸುತ್ತು ಅಲಂಕಾರಕ್ಕಿಂತ ಹೆಚ್ಚಿನದಾಗಿತ್ತು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಕಲ್ಕತ್ತಾ ಬಿದಿರಿನ ಜಾಗವನ್ನು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಟಾಂಕಿನ್ ಬಿದಿರು ಹಿಡಿಯಿತು. ಅದರ ಗೆಣ್ಣು ಚಿಕ್ಕದು, ನಾರು ದಟ್ಟ.

ಲೈನಿನ ತುದಿಗೂ ಫ್ಲೈಗೂ ನಡುವೆ ಕಾಣದಷ್ಟು ತೆಳುವಾದ ಒಂದು ಎಳೆ ಬೇಕು. ಬಿದಿರಿನ ಕೋಲಿನ ಕಾಲದಲ್ಲಿ ಅದು ಬರುತ್ತಿದ್ದುದು ಸ್ಪೇನಿನ ಮುರ್ಸಿಯಾದಿಂದ. ಗೂಡು ಕಟ್ಟಲು ಸಿದ್ಧವಾದ ರೇಷ್ಮೆ ಹುಳುವನ್ನು ವಿನೆಗರಿನಲ್ಲಿ ನೆನೆಸಿ, ಅದರ ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಒಂದೇ ಎಳೆಯಾಗಿ ಜಗ್ಗುತ್ತಿದ್ದರು. ರಾಮನಗರದ ಗೂಡಿನ ಮಾರುಕಟ್ಟೆ ಕಂಡ ನಮಗೆ ಹುಳುವಿನ ಈ ಇನ್ನೊಂದು ಉಪಯೋಗ ಹೊಸದೆನಿಸಬಹುದು.

ಇದೇ ಕಾಲದಲ್ಲಿ ಈ ಕೋಲುಗಳು ನಮ್ಮ ದೇಶಕ್ಕೂ ಬಂದವು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳದ ಬಗ್ಗೆ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅವನ ಮನಸ್ಸೆಲ್ಲ ಮಹಶೀರ್ ಮೀನಿನ ಮೇಲೆ. ಟ್ರೌಟ್ ಆಗ ಇಲ್ಲಿರಲಿಲ್ಲ, ಅದಕ್ಕೆ ತಣ್ಣನೆಯ ನೀರೇ ಬೇಕು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮೊಟ್ಟೆಗಳಿಂದ ಕಾಶ್ಮೀರದಲ್ಲಿ ಬ್ರೌನ್ ಟ್ರೌಟ್ ನೆಲೆಯೂರಿತು. ನೀಲಗಿರಿಯಲ್ಲಿ 1860ರ ದಶಕದಿಂದ ನಡೆದ ಪ್ರಯತ್ನಗಳು ಸೋತು, 1907ರಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿದ ಮೇಲೆ ರೇನ್‌ಬೋ ಟ್ರೌಟ್ ಉಳಿಯಿತು. ಹಿಮಾಚಲದ ಕುಲ್ಲು ಕಣಿವೆಗೂ ಅದೇ ಸುಮಾರಿಗೆ ಟ್ರೌಟ್ ಬಂತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಎಲ್ಲವೂ ಒಮ್ಮೆಲೇ ಬದಲಾಯಿತು. ಮೊದಲು ಗಾಜಿನ ನಾರು. ಅಮೆರಿಕದ ವಿಜ್ಞಾನಿ ಆರ್ಥರ್ ಹೊವಾಲ್ಡ್ 1940ರ ದಶಕದಲ್ಲಿ ಅದರಿಂದ ಕೋಲು ಮಾಡುವ ವಿಧಾನ ಕಂಡುಕೊಂಡ. ಕೊರಿಯಾ ಯುದ್ಧ ಶುರುವಾಗಿ 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರ ನಿಲ್ಲಿಸಿದ್ದರಿಂದ ಟಾಂಕಿನ್ ಬಿದಿರು ಬರುವುದೂ ನಿಂತಿತು, ಗಾಜಿನ ನಾರಿನ ಕೋಲಿಗೆ ದಾರಿ ಸಲೀಸಾಯಿತು. ಬೆಲೆಯೂ ಕಡಿಮೆ. ಫ್ಲೈ ಗಾಳ ಸಾಮಾನ್ಯರ ಕೈಗೆ ಬಂದದ್ದು ಆಗಲೇ.

ಲೈನಿನಲ್ಲಿ ಆದ ಬದಲಾವಣೆ ಇದಕ್ಕಿಂತ ದೊಡ್ಡದು. ರೇಷ್ಮೆ ಲೈನನ್ನು ಪ್ರತಿದಿನ ಬಿಚ್ಚಿ ಒಣಗಿಸಬೇಕಿತ್ತು, ತೇಲಲೆಂದು ಜಿಡ್ಡು ಹಚ್ಚಬೇಕಿತ್ತು. ನೈಲಾನಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಲೈನು ಆ ಕೆಲಸ ತಪ್ಪಿಸಿತು. ಆದರೆ ಹೊಸ ಗೊಂದಲ ತಂದಿತು. ಅಲ್ಲಿಯವರೆಗೆ ಲೈನನ್ನು ಅದರ ದಪ್ಪದಿಂದ ಅಳೆದು ಅಕ್ಷರಗಳಿಂದ ಗುರುತಿಸುತ್ತಿದ್ದರು. ಎಲ್ಲವೂ ರೇಷ್ಮೆಯಾಗಿದ್ದಾಗ ದಪ್ಪ ಹೇಳಿದರೆ ತೂಕ ತಿಳಿಯುತ್ತಿತ್ತು. ನೈಲಾನ್ ರೇಷ್ಮೆಗಿಂತ ಹಗುರ. ಅಷ್ಟೇ ದಪ್ಪದ ನೈಲಾನ್ ಲೈನು ಹಾಕಿದರೆ ಹಳೆಯ ಕೋಲು ಬಾಗುತ್ತಲೇ ಇರಲಿಲ್ಲ. ಆದ್ದರಿಂದ 1960ರ ದಶಕದ ಆರಂಭದಲ್ಲಿ ಅಮೆರಿಕದ ಗಾಳ ಸಲಕರಣೆ ತಯಾರಕರ ಸಂಘ ದಪ್ಪವನ್ನು ಬಿಟ್ಟು ತೂಕವನ್ನೇ ಅಳತೆ ಮಾಡಿತು. ಲೈನಿನ ಮೊದಲ 30 ಅಡಿಯ ತೂಕ ನೋಡಿ ಸಂಖ್ಯೆ ಕೊಡುವುದು. 4ನೇ ಸಂಖ್ಯೆಗೆ 120 ಗ್ರೇನ್, 5ಕ್ಕೆ 140, 6ಕ್ಕೆ 160. 140 ಗ್ರೇನ್ ಅಂದರೆ ಸುಮಾರು ಒಂಬತ್ತು ಗ್ರಾಂ. ಕೋಲು ಮಾಡುವವರೂ ತಮ್ಮ ಕೋಲು ಯಾವ ಸಂಖ್ಯೆಯ ಲೈನಿಗೆ ಎಂದು ಹಿಡಿಯ ಮೇಲ್ಭಾಗದಲ್ಲೇ ಬರೆಯತೊಡಗಿದರು.

ಕೊನೆಯ ಹೆಜ್ಜೆ ಕಾರ್ಬನ್ ನಾರು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ಈ ನಾರಿನಿಂದ ಅಮೆರಿಕದ ಫೆನ್ವಿಕ್ ಕಂಪನಿ 1970ರ ದಶಕದ ಮೊದಲ ವರ್ಷಗಳಲ್ಲಿ ಫ್ಲೈ ರಾಡ್ ಮಾಡಿ ಮಾರಿತು. ಬಿದಿರಿನ ಟ್ರೌಟ್ ಕೋಲು ಭಾರವಾಗುತ್ತದೆಂದು ಸಾಮಾನ್ಯವಾಗಿ ಏಳೆಂಟು ಅಡಿಗೇ ನಿಲ್ಲುತ್ತಿತ್ತು. ಕಾರ್ಬನ್ನಿನಲ್ಲಿ ಒಂಬತ್ತು ಅಡಿ ಮಾಡಿದರೂ ತೂಕ ನೂರು ಗ್ರಾಂ ಆಸುಪಾಸು. ಹೀಗೆ ಒಂಬತ್ತು ಅಡಿ ಉದ್ದದ, 5ನೇ ಸಂಖ್ಯೆಯ ಲೈನಿನ ಕೋಲು ಇವತ್ತಿನ ಟ್ರೌಟ್ ಗಾಳದ ಎಲ್ಲ ಕೆಲಸದ ಕೋಲಾಯಿತು.

ಯಾಕೆ ಐದೇ? 3ನೇ ಸಂಖ್ಯೆಯ ಲೈನು ಸಣ್ಣ ಹಳ್ಳದಲ್ಲಿ ಸದ್ದಿಲ್ಲದೆ ಇಳಿಯುತ್ತದೆ, ಗಾಳಿ ಎದ್ದರೆ ಸೋಲುತ್ತದೆ. 7ನೆಯದು ಗಾಳಿಗೂ ದೊಡ್ಡ ಫ್ಲೈಗೂ ಜಗ್ಗುವುದಿಲ್ಲ, ಆದರೆ ತಿಳಿನೀರಿನಲ್ಲಿ ಬಿದ್ದ ಸದ್ದಿಗೇ ಟ್ರೌಟ್ ಪರಾರಿ. ಐದು ಈ ಎರಡರ ನಡುವೆ ನಿಂತು, ಹಿಮಾಚಲದ ತೀರ್ಥನ್ ನದಿಯಂಥ ಹರಿವಿಗೂ ಬೆಟ್ಟದ ಕೆರೆಗೂ ಒದಗುತ್ತದೆ. ನಿಮ್ಮ ಗಾಳವೆಲ್ಲ ಪೊದೆ ಕವಿದ ಕಿರಿದಾದ ತೊರೆಯಲ್ಲೇ ಎಂದಾದರೆ ಮಾತ್ರ ಏಳೂವರೆ ಅಡಿಯ, 3 ಅಥವಾ 4ರ ಕೋಲು ಮೇಲು.

ಅಂಗಡಿಯಲ್ಲಿ ಕೋಲನ್ನು ಗಾಳಿಯಲ್ಲಿ ಅಲ್ಲಾಡಿಸಿ ನೋಡಿ ಕೊಳ್ಳಬೇಡಿ. ಲೈನಿನ ತೂಕ ಬೀಳದ ಕೋಲು ತನ್ನ ಗುಣ ಹೇಳುವುದಿಲ್ಲ. ರೀಲು, ಲೈನು ಹಾಕಿಸಿ, ಬಯಲಿಗೆ ಹೋಗಿ, ಮೂವತ್ತು ಅಡಿ ಎಸೆದು ನೋಡಿ. ಟ್ರೌಟ್ ಬಹುಪಾಲು ಸಿಗುವುದು ಆ ದೂರದಲ್ಲೇ. ಅಲ್ಲಿ ಕೋಲು ಬಾಗುವುದು ಅಂಗೈಗೆ ತಿಳಿಯಬೇಕು. ಎಂಬತ್ತು ಅಡಿ ಎಸೆಯಲೆಂದು ಮಾಡಿದ ಬಿರುಸು ಕೋಲುಗಳಿಗೆ ಈಗ ಬಹಳ ಪ್ರಚಾರ, ಆದರೆ ಕಲಿಯುವವರ ಕೈಗೆ ಅವು ಏನನ್ನೂ ಹೇಳಿಕೊಡವು. ನಾಲ್ಕು ತುಂಡಿನದಾದರೆ ಬಸ್ಸಿನಲ್ಲೂ ಒಯ್ಯಬಹುದು. ಹಣ ಉಳಿಸಬೇಕಾದರೆ ರೀಲಿನಲ್ಲಿ ಉಳಿಸಿ, ಟ್ರೌಟಿಗೆ ಅದು ಲೈನು ಸುತ್ತಿಡುವ ಗಾಲಿ ಅಷ್ಟೇ. ಲೈನಿನಲ್ಲಿ ಮಾತ್ರ ಉಳಿಸಬೇಡಿ. ಮುಂಭಾಗ ಭಾರವಿರುವ, ತೇಲುವ ಒಳ್ಳೆಯ ಲೈನು, ಅದರ ತುದಿಗೆ ಒಂಬತ್ತು ಅಡಿಯ ನೈಲಾನ್ ಎಳೆ ಇರಲಿ.

ಬಳಸುವುದನ್ನು ಮೈದಾನದ ಹುಲ್ಲಿನ ಮೇಲೆ, ಕೊಕ್ಕೆಯ ಬದಲು ಉಣ್ಣೆಯ ತುಣುಕು ಕಟ್ಟಿ ಕಲಿಯಿರಿ. ಹೆಬ್ಬೆರಳು ಹಿಡಿಯ ಮೇಲಿರಲಿ. ನಿಧಾನವಾಗಿ ಎತ್ತಿ, ವೇಗ ಏರಿಸುತ್ತ ಹಿಂದಕ್ಕೆ ಒಯ್ದು, ಕೋಲು ತಲೆಯ ಮೇಲಿಂದ ತುಸು ಹಿಂದೆ ಸರಿದಾಗ ತಟ್ಟನೆ ನಿಲ್ಲಿಸಿ. ಕೋಲು ನಿಂತಾಗಲೇ ತುದಿ ಚಿಮ್ಮಿ ಲೈನು ಸುರುಳಿ ಬಿಚ್ಚುತ್ತದೆ. ಅದು ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ಕಾಯಿರಿ, ಆಮೇಲೆ ಮುಂದಕ್ಕೆ ತನ್ನಿ, ಮತ್ತೆ ನಿಲ್ಲಿಸಿ. ಬಲ ಬೇಡ. ಹೊಸಬರು ಸೋಲುವುದು ಕಾಯದೆ ಇರುವುದರಿಂದ.

ಒಂದೆರಡು ಎಚ್ಚರಿಕೆ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಕರೆಂಟಿನ ತಂತಿಯ ಕೆಳಗೆ, ಗುಡುಗು ಸಿಡಿಲಿನ ಹೊತ್ತಿನಲ್ಲಿ ಈ ಕೋಲು ಎತ್ತಲೇಬೇಡಿ. ತುಂಡುಗಳ ಕೀಲನ್ನು ಆಗಾಗ ಒತ್ತಿ ನೋಡಿ. ಸಡಿಲ ಕೀಲಿನಲ್ಲೇ ಕೋಲು ಮುರಿಯುವುದು. ಎಲ್ಲೇ ಹೋದರೂ ಅಲ್ಲಿನ ಇಲಾಖೆಯ ಪರವಾನಗಿ ಪಡೆದೇ ನೀರಿಗಿಳಿಯಿರಿ. ಮೀನನ್ನು ಮರಳಿ ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ.

ಹೇಜಲ್ ಹೋಗಿ ಬಿದಿರು ಬಂತು, ಬಿದಿರು ಹೋಗಿ ಕಾರ್ಬನ್ ಬಂತು. ಇನ್ನೊಂದು ಬಂದರೂ ಕೋಲು ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಇವೇ. ನಾನು ಹೋಗುವ ನೀರು ಎಂಥದು? ಅಲ್ಲಿ ಕಟ್ಟುವ ಫ್ಲೈ ಎಷ್ಟು ದೊಡ್ಡದು? ಅದನ್ನು ಹೊತ್ತೊಯ್ಯಲು ಎಷ್ಟು ತೂಕದ ಲೈನು ಬೇಕು? ಇಷ್ಟಕ್ಕೆ ಉತ್ತರ ಸಿಕ್ಕರೆ ಕೋಲಿನ ಆಯ್ಕೆ ಮುಕ್ಕಾಲು ಮುಗಿದ ಹಾಗೆ, ಉಳಿದ ಕಾಲು ಭಾಗವನ್ನು ನಿಮ್ಮ ತೋಳೇ ತೀರ್ಮಾನಿಸುತ್ತದೆ. ಲೈನನ್ನು ಮೊದಲು ಆರಿಸಿ, ಕೋಲನ್ನು ಆಮೇಲೆ ಕೊಳ್ಳಿ.