ಪಾಳಿಯ ಪಟ್ಟಿ

ನನ್ನ ತಾಯಿ ದಾದಿಯಾಗಿದ್ದರು. ತಂದೆ ಪರ ಊರಿನ ನೌಕರಿಯಲ್ಲಿದ್ದರು. ಬೆಳಗಿನ ಪಾಳಿ 8ರಿಂದ 2ರವರೆಗೆ, ಮಧ್ಯಾಹ್ನದ್ದು 2ರಿಂದ 8ರವರೆಗೆ, ರಾತ್ರಿಯದು ಮರುದಿನ ಬೆಳಗಿನ 8ರವರೆಗೆ. ಮುಂದಿನ ವಾರ ಯಾವ ಪಾಳಿ ಎಂಬುದು ಶನಿವಾರ ಸಂಜೆ ಅಂಟಿಸುತ್ತಿದ್ದ ಪಟ್ಟಿಯಿಂದಲೇ ತಿಳಿಯಬೇಕಾಗಿತ್ತು. ಅದನ್ನು ನೋಡಿ ಬಂದ ತಾಯಿಯ ಮುಖದಿಂದಲೇ, ನಾಲ್ಕು ವರ್ಷದ ನಾನು, ಆ ವಾರ ಯಾರ ಮನೆಯಲ್ಲಿ ಉಣ್ಣುವೆನೆಂದು ಊಹಿಸುತ್ತಿದ್ದೆ.

ನಮ್ಮ ಬೀದಿಯಲ್ಲಿ ಒಳ್ಳೆಯ ಶಿಶುವಿಹಾರವೊಂದಿತ್ತು. ಜಾರುಬಂಡೆಯಿತ್ತು, ಹಾಡು ಕಲಿಸುವ ಉಪಾಧ್ಯಾಯಿನಿಯಿದ್ದರು. ಅದು 10ಕ್ಕೆ ತೆರೆದು 1ಕ್ಕೆ ಮುಚ್ಚುತ್ತಿತ್ತು. ಮೂರು ವಾರಗಳಲ್ಲಿ ಮಧ್ಯಾಹ್ನದ ಪಾಳಿಯ ಒಂದು ವಾರ ಮಾತ್ರ ನಮಗೆ ಹೊಂದುತ್ತಿತ್ತು. ರಾತ್ರಿಯೆಲ್ಲ ದುಡಿದು, ನನ್ನನ್ನು ಅಲ್ಲಿ ಬಿಟ್ಟು ಬಂದು ಮಲಗಿದ ತಾಯಿಗೆ ಒಂದು ದಿನ ಎಚ್ಚರವಾಗಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಅಳುತ್ತಿದ್ದ ನನ್ನನ್ನು ಪಕ್ಕದ ಮನೆಯ ಅಜ್ಜಿ ಎತ್ತಿಕೊಂಡು ಬಂದರು. ಮರುದಿನದಿಂದ ಅವರ ಮನೆಯೇ ನನ್ನ ಶಿಶುವಿಹಾರ. ಅಲ್ಲಿ ಆಟಿಕೆಗಳಿರಲಿಲ್ಲ, ಅವಲಕ್ಕಿ ಧಾರಾಳವಾಗಿತ್ತು. ಬಾಗಿಲು ಬೆಳಗಿನ ಏಳಕ್ಕೂ ರಾತ್ರಿ ಒಂಬತ್ತಕ್ಕೂ ತೆರೆಯುತ್ತಿತ್ತು.

ಅಜ್ಜಿ ಊರಿಗೆ ಹೋದ ವಾರಗಳಲ್ಲಿ ಅಕ್ಕ ಶಾಲೆ ತಪ್ಪಿಸುತ್ತಿದ್ದಳು. ಏಳನೆಯ ತರಗತಿಯಲ್ಲಿ ಅವಳು ಒಂದು ವರ್ಷ ಹಿಂದೆ ಬಿದ್ದದ್ದು ಹಾಗೆ. ಪಟ್ಟಿ ಬರೆದವರ ಲೆಕ್ಕದಲ್ಲಿ ಆ ವರ್ಷ ಸೇರಿಲ್ಲ.

ಮಗುವಿನ ಹಿತ ಅರಿಯದ ತಾಯಿ ಎಂದು ಇಂಥವರನ್ನು ಜರೆಯುವುದನ್ನು ಕೇಳಿದ್ದೇನೆ. ತಾಯಿ ಆರಿಸಿದ್ದು ಉತ್ತಮವಾದುದನ್ನಲ್ಲ, ತನ್ನ ವೇಳೆಗೆ ಒದಗಿದ್ದನ್ನು. 1975ರಲ್ಲಿ ಆರಂಭವಾದ ಅಂಗನವಾಡಿಗಳು ಮಹದುಪಕಾರ ಮಾಡಿವೆ; ಆದರೆ ಅವುಗಳದೂ ಹಗಲಿನ ವೇಳೆಯೇ. ಈ ದೃಷ್ಟಿಯಿಂದ ಕೆಲಸದ ಸ್ಥಳದಲ್ಲೇ ಶಿಶುಪಾಲನೆಯ ಕೊಠಡಿ ಬೇಕೆಂದ 1948ರ ಕಾರ್ಖಾನೆ ಕಾಯಿದೆ ವಿವೇಕದ್ದು. ಮೊದಲು 50ಕ್ಕಿಂತ, 1976ರ ತಿದ್ದುಪಡಿಯ ಮೇಲೆ 30ಕ್ಕಿಂತ ಹೆಚ್ಚು ಸ್ತ್ರೀಯರಿದ್ದಲ್ಲಿ ಅದು ಕಡ್ಡಾಯವಾಯಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದೆಂದೂ ಹೇಳಿತು. ಕಾಗದದ ಮಾತು ಹಾಗಿರಲಿ, ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುತ್ತ, ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟಿರುವ ತಾಯಂದಿರಿದ್ದಾರೆ.

ರಾತ್ರಿಯ ಪಾಳಿ ಬೇಡವೆಂದು ನಾನು ಹೇಳಲಾರೆ. ರೋಗಿಗಳಿಗೆ ರಾತ್ರಿಯೂ ಉಂಟಲ್ಲ. ಪಟ್ಟಿ ಒಂದು ತಿಂಗಳು ಮೊದಲೇ ಸಿಕ್ಕಿದ್ದರೆ ಅಜ್ಜಿ ತಮ್ಮ ಪ್ರಯಾಣವನ್ನು ಮುಂದಕ್ಕೆ ಹಾಕುತ್ತಿದ್ದರು, ಅಕ್ಕ ಶಾಲೆಗೆ ಹೋಗುತ್ತಿದ್ದಳು. ಅದಕ್ಕೆ ಹಣವೇನೂ ಬೇಕಾಗಿರಲಿಲ್ಲ.

ನಿವೃತ್ತರಾದ ಮೇಲೆ ನನ್ನ ತಾಯಿ ನೆರೆಯ ದಾದಿಯೊಬ್ಬರ ಮಗುವನ್ನು ನೋಡಿಕೊಳ್ಳುತ್ತಿದ್ದರು. ಶನಿವಾರ ಸಂಜೆ ಆಕೆ ಬಾಗಿಲಿಗೆ ಬಂದೊಡನೆ ಕೇಳುತ್ತಿದ್ದ ಮಾತು ಒಂದೇ: “ಪಟ್ಟಿ ಹಾಕಿದರೇನಮ್ಮಾ?”