ಹಿರೋಡೆಯಲ್ಲಿ ಫ್ರೆಂಚರಿಗೇನು ಕೆಲಸ?

(ಪಾಂಡವಪುರದಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಪಾಂಡವಪುರದ ಹಳೆಯ ಹೆಸರು ಹಿರೋಡೆ. ಇಂಗ್ಲಿಷರ ದಾಖಲೆಗಳಲ್ಲಿ ಮಾತ್ರ ಇದು 'ಫ್ರೆಂಚ್ ರಾಕ್ಸ್'. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರದು. ಎಲ್ಲಿಯ ಫ್ರಾನ್ಸ್, ಎಲ್ಲಿಯ ಹಿರೋಡೆ!

ಮೈಸೂರಿನ ಮೇಲಿನ ಪ್ರೀತಿಯೇನೂ ಅವರನ್ನು ಇಲ್ಲಿಗೆ ಕರೆತಂದಿರಲಿಲ್ಲ. ಇಂಗ್ಲೆಂಡಿಗೂ ಫ್ರಾನ್ಸಿಗೂ ಅಮೆರಿಕದಿಂದ ಇಂಡಿಯಾದವರೆಗೆ ವ್ಯಾಪಾರದ ಪೈಪೋಟಿ. ಶತ್ರುವಿನ ಶತ್ರು ಮಿತ್ರನೆಂದು ಎರಡೂ ಕಡೆಯವರು ಲೆಕ್ಕ ಹಾಕಿದರು.

1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಯುರೋಪಿನಲ್ಲಿ ಇಂಗ್ಲಿಷರೂ ಫ್ರೆಂಚರೂ ರಾಜಿಯಾದ ಸುದ್ದಿ ಬಂತು. ಜೊತೆಗಿದ್ದ ಫ್ರೆಂಚ್ ಪಡೆ ಯುದ್ಧದಿಂದ ಹಿಂದೆ ಸರಿಯಿತು. ಅಮೆರಿಕದ ಸ್ವಾತಂತ್ರ್ಯ ಸಮರ ಮುಗಿದದ್ದಕ್ಕೆ ಬೆಲೆ ತೆತ್ತದ್ದು ಮೈಸೂರು!

ಆದರೂ ಟಿಪ್ಪು ಆಸೆ ಬಿಡಲಿಲ್ಲ. ಅವನ ಮೂವರು ರಾಯಭಾರಿಗಳು 1788ರಲ್ಲಿ ಫ್ರಾನ್ಸ್ ತಲುಪಿದರು. ದೊರೆ 16ನೆಯ ಲೂಯಿ ಅವರನ್ನು ಗೌರವದಿಂದ ಬರಮಾಡಿಕೊಂಡ. ಪಿಂಗಾಣಿ ಉಡುಗೊರೆ ಕೊಟ್ಟ, ಕುಶಲಕರ್ಮಿಗಳನ್ನು ಕಳಿಸಿಕೊಟ್ಟ. ಸೈನ್ಯ ಮಾತ್ರ ಕೊಡಲಿಲ್ಲ. ಅಮೆರಿಕದ ಯುದ್ಧದ ಸಾಲ ಅವನ ಬೊಕ್ಕಸವನ್ನು ಬರಿದು ಮಾಡಿತ್ತು. ಮರುವರ್ಷವೇ ಅಲ್ಲಿ ಕ್ರಾಂತಿ.

ಇಂಗ್ಲಿಷರ ಲೆಕ್ಕ ಇನ್ನೂ ಸ್ಪಷ್ಟ. ಮಲಬಾರಿನ ಮೆಣಸು, ಏಲಕ್ಕಿ, ಶ್ರೀಗಂಧ ಅವರಿಗೆ ಬೇಕಿತ್ತು. ಟಿಪ್ಪು ಆ ವ್ಯಾಪಾರವನ್ನು ಸರ್ಕಾರದ ಹಿಡಿತಕ್ಕೆ ತಂದಿದ್ದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ. ಮರಾಠರೂ ನಿಜಾಮರೂ ತಮ್ಮ ಪಾಲು ಪಡೆದರು. ಕಂಪನಿಯ ಪಾಲಿಗೆ ಬಂದದ್ದರಲ್ಲಿ ಮಲಬಾರ್ ಇತ್ತು. ಇದು ಆಕಸ್ಮಿಕವೆಂದು ನನಗಂತೂ ಅನ್ನಿಸುವುದಿಲ್ಲ. ಸುತ್ತಲೂ ಹೀಗಿರುವಾಗ ಟಿಪ್ಪು ಮತ್ತೆ ಫ್ರೆಂಚರತ್ತ ನೋಡದೆ ಇನ್ನಾರತ್ತ ನೋಡಬೇಕಿತ್ತು?

1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ಟಿಕ್, ಟಿಪ್ಪುವಿನ ನೆರವಿಗೆ ಜನ ಬೇಕೆಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದ. ಗುಟ್ಟಾಗಿರಬೇಕಾದ ಮಾತು ಬೀದಿಗೆ ಬಂತು. ಮಂಗಳೂರಿಗೆ ಬಂದಿಳಿದವರು ನೂರು ಮಂದಿಯೂ ಇರಲಿಲ್ಲ; ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪವಂತೂ ಸಿಕ್ಕಿತು. ಅದೇ ವರ್ಷ ಈಜಿಪ್ಟಿಗೆ ಬಂದ ನೆಪೋಲಿಯನ್, 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ. ನೆಲ್ಸನ್ ಅವನ ನೌಕಾಪಡೆಯನ್ನು ಧ್ವಂಸ ಮಾಡಿ ಆಗಲೇ ಐದು ತಿಂಗಳು ದಾಟಿತ್ತು. ಪತ್ರವೂ ಇಂಗ್ಲಿಷರ ಕೈಸೇರಿತು.

ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ. ಆಮೇಲೆ ನಿಮ್ಮೂರಿನ ಬಂಡೆಗಳ ಬಳಿ ಬೀಡುಬಿಟ್ಟದ್ದು ಇಂಗ್ಲಿಷರ ದಂಡು. ಹೆಸರನ್ನು ಮಾತ್ರ ಅವರು ಫ್ರೆಂಚರದೇ ಉಳಿಸಿಕೊಂಡರು.